ಹಿಗ್ಗಿದ ಹೃದಯ

ಕನ್ನಡದಲ್ಲಿ ಹಿಗ್ಗು ಎಂಬ ಪದಕ್ಕೆ ಎರಡು ಅರ್ಥ. ಒಂದು ಉಬ್ಬುವುದು, ಅಗಲವಾಗುವುದು. ಇನ್ನೊಂದು ಸಂತೋಷಪಡುವುದು. ಮಗಳು ಒಳ್ಳೆಯ ಅಂಕ ತಂದರೆ ಅಪ್ಪನ ಹೃದಯ ಹಿಗ್ಗುತ್ತದೆ. ಮೊದಲ ಮಳೆಗೆ ತೋಟದವರು ಹಿಗ್ಗುತ್ತಾರೆ. ನಾನು ಕೆಲಸ ಮಾಡುವ ಕೋಣೆಯಲ್ಲಿ ಮಾತ್ರ ಹೃದಯ ಹಿಗ್ಗಿದೆ ಎಂದರೆ ಯಾರ ಮುಖದಲ್ಲೂ ನಗುವಿರುವುದಿಲ್ಲ.

ನಾನು ಕೊಚ್ಚಿಯಲ್ಲಿ ಎಕೋ ಟೆಕ್ನೀಷಿಯನ್. ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ, ಆಮೇಲೆ ತಿರುವನಂತಪುರದಲ್ಲಿ ಹೃದಯ ಪರೀಕ್ಷೆಗಳ ತರಬೇತಿ ಪಡೆದೆ. ಈಗ ಎರ್ನಾಕುಳಂನ ಒಂದು ಆಸ್ಪತ್ರೆಯ ಮಬ್ಬುಗತ್ತಲ ಕೋಣೆಯಲ್ಲಿ ದಿನಕ್ಕೆ ಇಪ್ಪತ್ತೈದು, ಕೆಲವು ದಿನ ಮೂವತ್ತು ಹೃದಯಗಳನ್ನು ನೋಡುತ್ತೇನೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಪ್ರೋಬ್ ಒತ್ತಿ ಹಿಡಿದು ಪರದೆಯ ಮೇಲೆ ಅಳತೆ ತೆಗೆಯುವುದು ನನ್ನ ಕೆಲಸ. ವರದಿಗೆ ಸಹಿ ಹಾಕುವವರು ವೈದ್ಯರು. ಹಾಗಾಗಿ ರೋಗಿಗಳು "ಕುಳಪ್ಪಂ ಎಂದೆಂಗಿಲುಂ ಉಂಡೋ?" ಎಂದು ಕೇಳಿದಾಗ, ಅಂದರೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದಾಗ, "ಡಾಕ್ಟರ್ ಹೇಳುತ್ತಾರೆ" ಎನ್ನುವುದೇ ನಾವು ಕಲಿತ ಉತ್ತರ. ಅಳತೆ ತೆಗೆಯುವಾಗ ನನ್ನ ಕಣ್ಣು ಪರದೆಯ ಮೇಲಿರುತ್ತದೆ, ಅವರ ಕಣ್ಣು ನನ್ನ ಮುಖದ ಮೇಲಿರುತ್ತದೆ.

ಪರದೆಯ ಮೇಲೆ ನಾವು ಮೊದಲು ನೋಡುವುದು ಎಡ ಹೃತ್ಕುಕ್ಷಿಯನ್ನು. ಹೃದಯದ ನಾಲ್ಕು ಕೋಣೆಗಳಲ್ಲಿ ಹೆಚ್ಚು ದುಡಿಯುವ ಕೋಣೆ ಅದು. ಇಡೀ ದೇಹಕ್ಕೆ ರಕ್ತ ತಳ್ಳುವುದು ಅದರ ಪಾಲಿನ ಕೆಲಸ. ಆರೋಗ್ಯವಂತರಲ್ಲಿ ಅದು ಬಾಳೆ ಹೂವಿನ ಮೊಗ್ಗಿನ ಹಾಗಿರುತ್ತದೆ: ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು, ಅಗಲಕ್ಕಿಂತ ಉದ್ದ ಜಾಸ್ತಿ. ಈ ಆಕಾರಕ್ಕೆ ಕಾರಣವಿದೆ. ಗೋಡೆಯ ಸ್ನಾಯು ಎಳೆಗಳು ಓರೆಯಾಗಿ, ಸುರುಳಿ ಸುತ್ತಿದಂತೆ ಹೆಣೆದುಕೊಂಡಿವೆ. ಒದ್ದೆ ಬಟ್ಟೆ ಹಿಂಡುವವರು ಅದನ್ನು ತಿರುಚಿ ಹಿಂಡುತ್ತಾರಲ್ಲ, ಹೃದಯವೂ ಹಾಗೆಯೇ ತಿರುಚಿಕೊಂಡು ರಕ್ತ ಹಿಂಡುತ್ತದೆ. ಮೊಗ್ಗು ದುಂಡಗಾಗಿ ತೆಂಗಿನಕಾಯಿಯಂತಾದರೆ ಎಳೆಗಳ ಓರೆ ಕೆಡುತ್ತದೆ, ಹಿಂಡುವ ಶಕ್ತಿ ಕುಂದುತ್ತದೆ. ಒಳಗಿನ ಕವಾಟವನ್ನು ಹಿಡಿದ ಕಂಬಗಳು ದೂರ ಸರಿದು ಕವಾಟವೂ ಸೋರತೊಡಗುತ್ತದೆ.

ಹೃದಯ ಆಕಾರ ಬದಲಿಸುವುದು ತನ್ನ ಮೇಲೆ ಬಿದ್ದ ಹೊರೆಗೆ ತಕ್ಕಂತೆ. ಇದರ ಹಿಂದಿನ ಲೆಕ್ಕ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಹೆಸರಿನಲ್ಲಿದೆ. ಒಳಗಿನ ಒತ್ತಡ ಅಷ್ಟೇ ಇದ್ದರೂ ಕೋಣೆ ದೊಡ್ಡದಾದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಗೋಡೆ ದಪ್ಪವಾದಷ್ಟೂ ಆ ಎಳೆತ ಹಂಚಿಹೋಗುತ್ತದೆ. ಹತ್ತಾರು ವರ್ಷ ಬಿಪಿ ಇರುವವರ ಹೃದಯ ಪ್ರತಿ ಬಡಿತಕ್ಕೂ ಭಾರದ ಬಾಗಿಲು ತಳ್ಳುತ್ತಿರುತ್ತದೆ. ಅದು ಜಿಮ್ಮಿಗೆ ಹೋದವರ ತೋಳಿನಂತೆ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ, ಒಳಗಿನ ಜಾಗ ಕಿರಿದಾಗುತ್ತದೆ. ಕವಾಟ ಸೋರುವವರಲ್ಲಿ ಹಾಗಲ್ಲ. ಒಮ್ಮೆ ತಳ್ಳಿದ ರಕ್ತವೇ ವಾಪಸು ಬರುವುದರಿಂದ ಕೋಣೆ ಅಗಲವಾಗುತ್ತದೆ. ಹೃದಯಾಘಾತವಾದವರಲ್ಲಿ ಸತ್ತ ಸ್ನಾಯುವಿನ ಜಾಗ ತೆಳ್ಳಗಾಗಿ ಹಿಗ್ಗುತ್ತದೆ, ಉಳಿದ ಸ್ನಾಯು ಇಬ್ಬರ ಕೆಲಸ ಮಾಡಲು ಹೋಗಿ ತಾನೂ ಹಿಗ್ಗುತ್ತದೆ. ಕೋಣೆ ಅಗಲವಾದಾಗ ಎಳೆತ ಹೆಚ್ಚು, ಎಳೆತ ಹೆಚ್ಚಾದಾಗ ಕೋಣೆ ಇನ್ನಷ್ಟು ಅಗಲ. ಇಲ್ಲಿಂದ ಮುಂದೆ ಕಾಯಿಲೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

1975ರಲ್ಲಿ ವಿಲಿಯಂ ಗ್ರಾಸ್‌ಮನ್ ಮತ್ತು ಸಂಗಡಿಗರು ಈ ಎರಡು ದಾರಿಗಳನ್ನು ಮನುಷ್ಯರ ಹೃದಯದಲ್ಲಿ ಅಳೆದು ತೋರಿಸಿದರು. 1992ರಲ್ಲಿ ಆಂಟೊನೆಲ್ಲೊ ಗಾನೌ ಮತ್ತು ಸಂಗಡಿಗರು ಬಿಪಿ ಇರುವವರ ಹೃದಯಗಳನ್ನು ನಾಲ್ಕು ಗುಂಪಿಗೆ ಹಾಕಿದರು. ಇವತ್ತಿಗೂ ನಾವು ಬಳಸುವುದು ಆ ನಾಲ್ಕನ್ನೇ. ಅದಕ್ಕೆ ಬೇಕಾದ ಲೆಕ್ಕ ಎರಡು. ಹಿಂಗೋಡೆಯ ದಪ್ಪವನ್ನು ಎರಡರಿಂದ ಗುಣಿಸಿ ಕೋಣೆಯ ಅಗಲದಿಂದ ಭಾಗಿಸಬೇಕು; 0.42 ದಾಟಿದರೆ ಗೋಡೆ ಕೋಣೆಗಿಂತ ಮುಂದೆ ಹೋಗಿದೆ ಎಂದರ್ಥ. ಎರಡನೆಯದು ಸ್ನಾಯುವಿನ ತೂಕ. ಅದನ್ನು ದೇಹದ ಮೇಲ್ಮೈ ಅಳತೆಯಿಂದ ಭಾಗಿಸಿದಾಗ ಚದರ ಮೀಟರಿಗೆ ಗಂಡಸರಲ್ಲಿ 115 ಗ್ರಾಂ, ಹೆಂಗಸರಲ್ಲಿ 95 ಗ್ರಾಂ ಮೀರಬಾರದು. ಎರಡೂ ಸರಿಯಿದ್ದರೆ ಸಹಜ ಆಕಾರ. ತೂಕ ಸರಿಯಿದ್ದು ಅನುಪಾತ ಮಾತ್ರ ಹೆಚ್ಚಾದರೆ ಕಾನ್ಸೆಂಟ್ರಿಕ್ ರೀಮಾಡೆಲಿಂಗ್. ಎರಡೂ ಹೆಚ್ಚಾದರೆ ಕಾನ್ಸೆಂಟ್ರಿಕ್ ಹೈಪರ್‌ಟ್ರೋಫಿ. ತೂಕ ಹೆಚ್ಚಿ, ಗೋಡೆ ಕೋಣೆಗೆ ಹೋಲಿಸಿದರೆ ತೆಳ್ಳಗಿದ್ದರೆ ಎಕ್ಸೆಂಟ್ರಿಕ್ ಹೈಪರ್‌ಟ್ರೋಫಿ. ನಿಮ್ಮ ಮನೆಯಲ್ಲಿ ಯಾರದ್ದಾದರೂ ಎಕೋ ರಿಪೋರ್ಟ್ ಇದ್ದರೆ ಕೊನೆಯ ಸಾಲುಗಳಲ್ಲಿ ಈ ಹೆಸರುಗಳಲ್ಲೊಂದು ಸಿಗಬಹುದು.

ಈ ಹೆಸರುಗಳು ಬರಿಯ ವಿವರಣೆಯಲ್ಲ, ಭವಿಷ್ಯದ ಅಂದಾಜೂ ಹೌದು. ನ್ಯೂಯಾರ್ಕಿನಲ್ಲಿ ಬಿಪಿ ರೋಗಿಗಳನ್ನು ಸುಮಾರು ಹತ್ತು ವರ್ಷ ಗಮನಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೋಡೆಯೂ ದಪ್ಪ ತೂಕವೂ ಹೆಚ್ಚು ಇದ್ದ ಗುಂಪಿನವರಿಗೆ ಹೆಚ್ಚು ಕೇಡಾಯಿತು, ಸಹಜ ಆಕಾರದವರಿಗೆ ಎಲ್ಲರಿಗಿಂತ ಕಡಿಮೆ. ಹೃದಯಾಘಾತವಾದವರ ಕಥೆ ಬೇರೆ. ನ್ಯೂಜಿಲೆಂಡಿನಲ್ಲಿ 605 ಗಂಡಸರನ್ನು ಗಮನಿಸಿ 1987ರಲ್ಲಿ ಬರೆದ ಪ್ರಬಂಧದ ಪ್ರಕಾರ ಅವರ ಆಯುಸ್ಸನ್ನು ಎಲ್ಲಕ್ಕಿಂತ ಚೆನ್ನಾಗಿ ಮುಂಗಾಣಿಸಿದ್ದು, ಹೃದಯ ಪೂರ್ತಿ ಹಿಂಡಿದ ಮೇಲೂ ಕೋಣೆಯಲ್ಲಿ ಉಳಿದ ರಕ್ತದ ಪ್ರಮಾಣ. ಅಂದರೆ ಕೋಣೆ ಎಷ್ಟು ಹಿಗ್ಗಿದೆ ಎಂಬುದು.

*

2018ರ ನವೆಂಬರಿನಲ್ಲಿ ನನ್ನ ದೊಡ್ಡಪ್ಪ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿ ಕೊಚ್ಚಿಗೆ ಬಂದರು. ಆಗ ಅವರಿಗೆ ಎಪ್ಪತ್ತೊಂದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಹೃತ್ಕರ್ಣ, ಹೃತ್ಕುಕ್ಷಿ ಎಂಬ ಪದಗಳನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ಆ ವರ್ಷದ ಜುಲೈ ತಿಂಗಳ ಮಳೆಯಲ್ಲಿ ಅಡಕೆ ಮರಗಳಿಗೆ ಮದ್ದು ಬಿಡಿಸುತ್ತಿದ್ದಾಗ ಅವರಿಗೆ ಎದೆ ಹಿಡಿದಂತಾಗಿತ್ತು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಎರಡು ದಿನ ಕಳೆದರು. ಮೂರನೆಯ ದಿನ ಮಂಗಳೂರಿಗೆ ಕರೆದೊಯ್ದು ಸ್ಟೆಂಟ್ ಹಾಕಿಸಿದ್ದಾಯಿತು. ರಕ್ತನಾಳ ತೆರೆಯಿತು, ಆದರೆ ಅಷ್ಟರಲ್ಲಿ ಒಂದಿಷ್ಟು ಸ್ನಾಯು ಸತ್ತುಹೋಗಿತ್ತು. ನವೆಂಬರಿಗೆ ಬರುವಾಗ ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಲು ಮೂರು ದಿಂಬು ಬೇಕು, ಸಂಜೆ ಹೊತ್ತಿಗೆ ಕಾಲಿನ ಮೇಲೆ ಚಪ್ಪಲಿಯ ಅಚ್ಚು.

ಅವರ ಎಕೋವನ್ನು ನಾನೇ ಮಾಡಿದೆ. ಕೋಣೆಯ ಅಗಲ 68 ಮಿಲಿಮೀಟರ್. ಸಾಮಾನ್ಯವಾಗಿ ಗಂಡಸರಲ್ಲಿ ಅದು 58 ದಾಟಬಾರದು. ಗೋಡೆಯ ದಪ್ಪ 9. ಅನುಪಾತ 0.26. ಸ್ನಾಯುವಿನ ತೂಕ ಸುಮಾರು 268 ಗ್ರಾಂ. ಎಕ್ಸೆಂಟ್ರಿಕ್ ಹೈಪರ್‌ಟ್ರೋಫಿ, ಲೆಕ್ಕದಲ್ಲಿ ಯಾವ ಅನುಮಾನವೂ ಇಲ್ಲ. ಪರದೆಯ ಮೇಲಿದ್ದದ್ದು ಬಾಳೆ ಮೊಗ್ಗಲ್ಲ, ಸೋಮಾರಿಯಾಗಿ ಅಲುಗುವ ಚೆಂಡು. ಒಂದು ಬಡಿತಕ್ಕೆ ಹೊರಗೆ ಹೋಗುವ ರಕ್ತದ ಪ್ರಮಾಣ, ಅಂದರೆ ಇಜೆಕ್ಷನ್ ಫ್ರ್ಯಾಕ್ಷನ್, ಶೇ. 28.

ಅವರು ಪರದೆಯತ್ತಲೇ ನೋಡುತ್ತಿದ್ದರು. "ಎಂಥ ಆಕಾರ ಮಗಳೇ ಇದು? ನಾನು ಬೋರ್ಡಿನಲ್ಲಿ ಹೀಗೆ ಬರೆದದ್ದೇ ಇಲ್ಲ."

"ಡಾಕ್ಟರ್ ಹೇಳ್ತಾರೆ ದೊಡ್ಡಪ್ಪ."

"ಡಾಕ್ಟರ್ ಹೇಳ್ಲಿ. ನೀನೂ ಹೇಳು. ನೂರಕ್ಕೆ ಎಷ್ಟು?"

"ಇಪ್ಪತ್ತೆಂಟು. ಆದರೆ ಯಾರಿಗೂ ನೂರು ಬರುವುದಿಲ್ಲ. ಆರೋಗ್ಯವಂತರಿಗೂ ಅರವತ್ತು, ಅರವತ್ತೈದು."

"ಹಾಗಾದ್ರೆ ಮಾಡರೇಷನ್ ಉಂಟು ಅಂತಾಯ್ತು."

ವೈದ್ಯರು ಹಾರ್ಟ್ ಫೇಲ್ಯೂರ್ ಎಂದರು. ಮೇಷ್ಟರಿಗೆ ಆ ಪದ ಕಿವಿಗೆ ಬಿದ್ದದ್ದೇ ಬೇರೆ ರೀತಿ. ಹೊರಗೆ ಬಂದು ನನ್ನನ್ನು ಕೇಳಿದರು, "ಫೇಲಾದವರಿಗೆ ಸೇ ಪರೀಕ್ಷೆ ಇಲ್ವಾ?" ಕೇರಳದಲ್ಲಿ ಎಸ್ಎಸ್ಎಲ್‌ಸಿ ನಾಪಾಸಾದ ಮಕ್ಕಳು ಅದೇ ವರ್ಷ ಮತ್ತೆ ಬರೆಯುವ ಪರೀಕ್ಷೆಗೆ ಇಲ್ಲಿ ಸೇ ಎನ್ನುತ್ತಾರೆ. ನನಗೆ ನಗು ಬಂತು, ಆದರೆ ಅವರು ತಮಾಷೆಗೆ ಕೇಳಿರಲಿಲ್ಲ.

ಅವರಿಗೆ ಸಂಖ್ಯೆ ಬೇಕಿತ್ತು. ಎಷ್ಟು ವರ್ಷ, ಎಷ್ಟು ಜನರಲ್ಲಿ ಎಷ್ಟು ಜನ. ಆ ಸಂಖ್ಯೆ ಎಲ್ಲೋ ಅಮೆರಿಕದಲ್ಲಿಲ್ಲ, ನಮ್ಮ ರಾಜ್ಯದಲ್ಲೇ ಇದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಡಾ. ಎಸ್. ಹರಿಕೃಷ್ಣನ್ ಮತ್ತು ಸಂಗಡಿಗರು 2013ರಲ್ಲಿ ಆ ಜಿಲ್ಲೆಯ 18 ಆಸ್ಪತ್ರೆಗಳಿಗೆ ಹೃದಯ ವೈಫಲ್ಯದಿಂದ ದಾಖಲಾದ 1205 ಜನರ ಹೆಸರು ಬರೆದುಕೊಂಡು, ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಟ್ರಿವೇಂಡ್ರಂ ಹಾರ್ಟ್ ಫೇಲ್ಯೂರ್ ರಿಜಿಸ್ಟ್ರಿ ಎಂದು ಅದಕ್ಕೆ ಹೆಸರು. ದಾಖಲಾದವರ ಸರಾಸರಿ ವಯಸ್ಸು 61. ಪಾಶ್ಚಾತ್ಯ ದೇಶಗಳಲ್ಲಿ ಈ ಕಾಯಿಲೆಗೆ ಆಸ್ಪತ್ರೆ ಸೇರುವವರು ಇದಕ್ಕಿಂತ ಹತ್ತು ವರ್ಷವಾದರೂ ಹಿರಿಯರು. ಹತ್ತರಲ್ಲಿ ಏಳು ಜನರಿಗೆ ಹೃದಯದ ರಕ್ತನಾಳದ ಕಾಯಿಲೆಯೇ ಮೂಲ. ಸುಮಾರು ಕಾಲು ಭಾಗದ ಜನರಲ್ಲಿ ಹಿಂಡುವ ಶಕ್ತಿ ಸರಿಯಿದ್ದರೂ ಹೃದಯ ಸೋತಿತ್ತು. ಐದು ವರ್ಷ ಮುಗಿಯುವಾಗ 1205 ಜನರಲ್ಲಿ ಶೇ. 59ರಷ್ಟು ಮಂದಿ ಬದುಕಿರಲಿಲ್ಲ.

ಈ ಕೊನೆಯ ಸಂಖ್ಯೆಯನ್ನು ನಾನು ಆ ದಿನ ಹೇಳಲಿಲ್ಲ. ಐದು ವರ್ಷದ ಲೆಕ್ಕ ಆಗಿನ್ನೂ ಪ್ರಕಟವಾಗಿರಲಿಲ್ಲ. ಆದರೆ ಮೊದಲ ವರ್ಷದ ಲೆಕ್ಕ ಬಂದಿತ್ತು. ಹತ್ತರಲ್ಲಿ ಮೂರು ಜನ ವರ್ಷ ದಾಟಿರಲಿಲ್ಲ. ಅದನ್ನು ಹೇಳಿದೆ. ಅದರ ಜತೆಗೆ ಅದೇ ಪಟ್ಟಿಯ ಇನ್ನೊಂದು ಅಂಶವನ್ನೂ ಹೇಳಿದೆ. ಹಿಂಡುವ ಶಕ್ತಿ ಕುಂದಿದವರಲ್ಲಿ, ಆಸ್ಪತ್ರೆಯಿಂದ ಹೊರಡುವಾಗ ಮಾರ್ಗಸೂಚಿ ಹೇಳುವ ಎಲ್ಲ ಔಷಧಿಗಳೂ ಕೈಯಲ್ಲಿದ್ದದ್ದು ನಾಲ್ವರಲ್ಲಿ ಒಬ್ಬರಿಗೆ ಮಾತ್ರ. ಪೂರ್ತಿ ಔಷಧಿ ಪಡೆದವರು ಹೆಚ್ಚು ಕಾಲ ಬದುಕಿದರು ಎಂಬುದು ಮುಂದೆ ಐದು ವರ್ಷದ ಲೆಕ್ಕದಲ್ಲೂ ಕಂಡಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ನನ್ನ ಚೀಟಿಯಲ್ಲಿ ಎಲ್ಲವೂ ಉಂಟಾ?"

*

ಆಕಾರ ಕೆಟ್ಟ ಹೃದಯಗಳ ಕಥೆ ಕೇರಳಕ್ಕೆ ಹೊಸದಲ್ಲ. ತಿರುವನಂತಪುರದಲ್ಲಿ ನಾನು ಕಲಿಯುತ್ತಿದ್ದಾಗ ಹಿರಿಯರು ಒಂದು ಕಾಯಿಲೆಯ ಬಗ್ಗೆ ಹಳೆಯ ಕಾಲದ ಭೂತದ ಕಥೆ ಹೇಳಿದಂತೆ ಹೇಳುತ್ತಿದ್ದರು. ಎಂಡೊಮಯೋಕಾರ್ಡಿಯಲ್ ಫೈಬ್ರೋಸಿಸ್ ಎಂದು ಅದರ ಹೆಸರು. 1948ರಲ್ಲಿ ಉಗಾಂಡದಲ್ಲಿ ಜ್ಯಾಕ್ ಡೇವಿಸ್ ಎಂಬ ವೈದ್ಯರು ಇದನ್ನು ಗುರುತಿಸಿದರು. ಭಾರತದಲ್ಲಿ ಇದು ಹೆಚ್ಚಾಗಿ ಕಂಡದ್ದು ಕೇರಳದಲ್ಲಿ, ಅದೂ ಬಡವರ ಮನೆಯ ಮಕ್ಕಳು ಮತ್ತು ಯುವಕರಲ್ಲಿ. ಇಲ್ಲಿ ಹೃತ್ಕುಕ್ಷಿ ಹಿಗ್ಗುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಕೋಣೆಯ ಚೂಪು ತುದಿಯಲ್ಲಿ ನಾರಿನಂಥ ಗಟ್ಟಿ ಪದರ ಬೆಳೆದು ಜಾಗವನ್ನು ತುಂಬಿಬಿಡುತ್ತದೆ. ಒಳಗೆ ಬರಲಾಗದ ರಕ್ತ ಹಿಂದೆ ನಿಂತು ಹೃತ್ಕರ್ಣಗಳು ಬುಟ್ಟಿಯಂತೆ ಊದಿಕೊಳ್ಳುತ್ತವೆ, ಬಲಭಾಗ ಕೆಟ್ಟವರ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಬಲ ಕೋಣೆಯೋ, ಎಡ ಕೋಣೆಯೋ, ಎರಡೂ ಕೆಟ್ಟಿವೆಯೋ ಎಂದು ವೈದ್ಯರು ಅದನ್ನೂ ವಿಂಗಡಿಸಿದ್ದರು.

ಶ್ರೀ ಚಿತ್ರಾ ಸಂಸ್ಥೆಯನ್ನು ಕಟ್ಟಿದ ಡಾ. ಎಂ. ಎಸ್. ವಲಿಯತ್ತಾನ್ ಈ ಕಾಯಿಲೆಯ ಶಸ್ತ್ರಚಿಕಿತ್ಸೆ ಮಾಡಿದವರು, ಅದರ ಮೂಲವನ್ನೂ ಹುಡುಕಿದವರು. ಕನ್ನಡಿಗರಿಗೆ ಅವರು ಬೇರೆ ರೀತಿಯಲ್ಲಿ ಪರಿಚಿತರು: ಆಮೇಲೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, 2024ರ ಜುಲೈಯಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಅವರ ಮುಂದಾಳತ್ವದಲ್ಲಿ ಶ್ರೀ ಚಿತ್ರಾದಲ್ಲಿ ತಯಾರಾದ ಕೃತಕ ಹೃದಯ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ವಲಿಯತ್ತಾನ್ ಅವರಿಗೆ ಕೇರಳದ ಕರಾವಳಿಯ ಮರಳಿನ ಮೇಲೆ ಅನುಮಾನ. ಮೋನಜೈಟ್ ಇರುವ ಆ ಮಣ್ಣಿನ ಸೀರಿಯಂ ಎಂಬ ಧಾತು ಗೆಣಸಿನಂಥ ಗಡ್ಡೆಗಳ ಮೂಲಕ ದೇಹ ಸೇರಿ, ಮೆಗ್ನೀಸಿಯಂ ಕೊರತೆಯಿರುವ ಬಡ ಮಕ್ಕಳ ಹೃದಯವನ್ನು ಕೆಡಿಸುತ್ತದೆಯೇ ಎಂಬುದು ಅವರ ಪ್ರಶ್ನೆ. ಅದು ಖಚಿತವಾಗಿ ಸಾಬೀತಾಗಲಿಲ್ಲ. ಅಷ್ಟರಲ್ಲಿ ಕೇರಳದಲ್ಲಿ ಹೊಸ ರೋಗಿಗಳೇ ಅಪರೂಪವಾಗುತ್ತ ಬಂದರು. ಊಟ, ನೀರು, ಶಾಲೆ, ಆಸ್ಪತ್ರೆ ಎಲ್ಲ ಸುಧಾರಿಸಿದ ಆ ದಶಕಗಳಲ್ಲಿ ಕಾಯಿಲೆ ಹೇಳದೆ ಕೇಳದೆ ಹಿಂದೆ ಸರಿಯಿತು. ಮೊಜಾಂಬಿಕ್‌ನಲ್ಲಿ ಹಾಗಾಗಲಿಲ್ಲ. ಅಲ್ಲಿನ ಒಂದು ಹಳ್ಳಿಗಾಡಿನಲ್ಲಿ 1063 ಜನರಿಗೆ ಎಕೋ ಮಾಡಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ಈ ಕಾಯಿಲೆಯ ಗುರುತು ಸಿಕ್ಕಿತೆಂದು 2008ರಲ್ಲಿ ವರದಿಯಾಯಿತು.

ನನ್ನ ಕೋಣೆಗೆ ಇಂಥ ಹೃದಯ ಬಂದದ್ದು ಬೆರಳೆಣಿಕೆಯಷ್ಟು ಸಲ, ಅವೂ ವಯಸ್ಸಾದವರವು. ಈಗ ಬರುವವು ಬಿಪಿಯ ದಪ್ಪ ಗೋಡೆಗಳು, ಸಕ್ಕರೆ ಕಾಯಿಲೆಯ ಬಿಗಿದ ಗೋಡೆಗಳು, ಹೃದಯಾಘಾತದ ಚೆಂಡುಗಳು. ಒಂದು ಊರಿನವರ ಹೃದಯದ ಆಕಾರ ನಲವತ್ತು ವರ್ಷದಲ್ಲಿ ಬದಲಾಗಿದೆ, ಅವರ ಬದುಕು ಬದಲಾದ ಹಾಗೆಯೇ.

*

ಆಕಾರ ಕೆಟ್ಟಿದ್ದರೆ ಅದನ್ನೇ ಸರಿಮಾಡಬಾರದೇ? ದೊಡ್ಡಪ್ಪನೂ ಇದನ್ನು ಕೇಳಿದ್ದರು. "ಹೆಚ್ಚಾದದ್ದನ್ನು ಕತ್ತರಿಸಿ ಹೊಲಿಯಲಿಕ್ಕಾಗುದಿಲ್ವಾ, ದರ್ಜಿಯ ಹಾಗೆ?"

ಒಬ್ಬರು ಹಾಗೆಯೇ ಮಾಡಿದರು. 1990ರ ದಶಕದಲ್ಲಿ ಬ್ರೆಜಿಲಿನ ರಂದಾಸ್ ಬತಿಸ್ತಾ ಎಂಬ ಶಸ್ತ್ರವೈದ್ಯರು ಹಿಗ್ಗಿದ ಹೃದಯದ ಗೋಡೆಯಿಂದ ಒಂದು ಹೋಳು ಕತ್ತರಿಸಿ ತೆಗೆದು ಉಳಿದದ್ದನ್ನು ಹೊಲಿದರು. ಕೋಣೆ ಸಣ್ಣದಾದರೆ ಎಳೆತ ಕಡಿಮೆಯಾಗಬೇಕು, ಲಾಪ್ಲಾಸ್ ಲೆಕ್ಕದಲ್ಲಿ ತಪ್ಪಿರಲಿಲ್ಲ. ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಬಹಳ ಜನರಲ್ಲಿ ಫಲ ಉಳಿಯದೆ ಆ ಶಸ್ತ್ರಚಿಕಿತ್ಸೆಯನ್ನು ಕೈಬಿಡಲಾಯಿತು. 2009ರಲ್ಲಿ ಇನ್ನೊಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. 1000 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಬೈಪಾಸ್ ಮಾತ್ರ, ಉಳಿದವರಿಗೆ ಬೈಪಾಸ್ ಜತೆಗೆ ಹೃತ್ಕುಕ್ಷಿಯ ಆಕಾರ ಸರಿಪಡಿಸುವ ಹೊಲಿಗೆ. ಹೊಲಿಸಿಕೊಂಡವರ ಕೋಣೆ ಶೇ. 19ರಷ್ಟು ಕಿರಿದಾಯಿತು. ಸಾವಿನಲ್ಲಿ, ಮತ್ತೆ ಆಸ್ಪತ್ರೆ ಸೇರುವುದರಲ್ಲಿ ವ್ಯತ್ಯಾಸವಾಗಲಿಲ್ಲ.

ಕೆಲಸ ಮಾಡಿದ್ದು ಬೇರೆ ದಾರಿ. ಅದೂ ಬ್ರೆಜಿಲಿನಿಂದಲೇ ಹೊರಟದ್ದು. ಅಲ್ಲಿನ ಜರರಾಕ ಎಂಬ ಹಾವಿನ ವಿಷದ ಅಧ್ಯಯನದಿಂದ ಸಿಕ್ಕ ಸುಳಿವು ಹಿಡಿದು ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆ ತಯಾರಾಯಿತು. ಹೃದಯಾಘಾತದ ಬಳಿಕ ಹಿಂಡುವ ಶಕ್ತಿ ಕುಂದಿದ 2231 ಜನರಲ್ಲಿ ಇದನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು, ಸಾವು ಶೇ. 19ರಷ್ಟು ಕಡಿಮೆಯಾಯಿತು. ಈ ಮಾತ್ರೆ ಹೊರೆಯನ್ನು ಇಳಿಸುತ್ತದೆ, ಹೊರೆ ಇಳಿದರೆ ಹೃದಯ ಹಿಗ್ಗುವುದು ತಗ್ಗುತ್ತದೆ. ಈಗ ಇದೇ ಜಾತಿಯ ಹೊಸ ಮಾತ್ರೆಗಳು, ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್, ಉಪ್ಪು-ನೀರಿನ ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್, ಸಕ್ಕರೆ ಕಾಯಿಲೆಗೆಂದು ಬಂದು ಹೃದಯಕ್ಕೂ ಒದಗಿದ ಮಾತ್ರೆ, ಹೀಗೆ ನಾಲ್ಕು ಗುಂಪುಗಳನ್ನು ಸೇರಿಸಿ ಕೊಡುತ್ತಾರೆ. ಕತ್ತರಿಸಿ ಚಿಕ್ಕದು ಮಾಡಿದ ಹೃದಯಕ್ಕೆ ಹೊರೆ ಹಾಗೆಯೇ ಉಳಿದಿರುತ್ತದೆ. ಹೊರೆ ಇಳಿದು ತಾನಾಗಿ ಚಿಕ್ಕದಾದ ಹೃದಯದ ಆಯುಸ್ಸು ಹೆಚ್ಚು. ನನ್ನ ಕೆಲಸದ ವರ್ಷಗಳಲ್ಲಿ ನನಗೆ ಮುಖ್ಯವೆನಿಸಿದ ಸಂಗತಿ ಇದೇ. ರಿಪೋರ್ಟಿನಲ್ಲಿ ಬರೆದ ಆಕಾರ ಹಣೆಬರಹವಲ್ಲ, ಆ ದಿನದವರೆಗಿನ ಹೊರೆಯ ಲೆಕ್ಕ. ಅದು ಎತ್ತ ಹೋಗುತ್ತಿದೆ ಎಂಬುದು ಒಂದು ಚಿತ್ರದಲ್ಲಿ ಗೊತ್ತಾಗುವುದಿಲ್ಲ, ಎರಡನೆಯದು ಬೇಕು, ಮೂರನೆಯದು ಬೇಕು.

ದೊಡ್ಡಪ್ಪ ಇದನ್ನು ನನಗಿಂತ ಬೇಗ ಹಿಡಿದರು. ಪೇಟೆಯಿಂದ ಮಕ್ಕಳ ಗ್ರಾಫ್ ಪುಸ್ತಕ ತರಿಸಿ, ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಮಿಲಿಮೀಟರ್ ಎಂದು ಬರೆದು 68ರಲ್ಲಿ ಕೆಂಪು ಚುಕ್ಕೆ ಇಟ್ಟರು. ಪ್ರತಿದಿನ ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದರು. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಮಿಡಿ ಉಪ್ಪಿನಕಾಯಿ ಬಿಟ್ಟರು. ಮಳೆಗಾಲದ ಉಪ್ಪುಸೊಳೆ ಬಿಡುವಾಗ ದೊಡ್ಡಮ್ಮನ ಹತ್ತಿರ ಜಗಳವಾಡಿದರು. ಬೀಟಾ ಬ್ಲಾಕರಿನ ಮೊದಲ ತಿಂಗಳು ವಿಪರೀತ ಸುಸ್ತು. "ಇದು ಮದ್ದಾ, ಅಮಲಾ?" ಎಂದು ಫೋನಿನಲ್ಲಿ ಬೈದರು, ಮಾತ್ರೆ ಮಾತ್ರ ಬಿಡಲಿಲ್ಲ. ನಾಲ್ಕು ತಿಂಗಳಿಗೆ ಎರಡನೆಯ ಚುಕ್ಕೆ 63ಕ್ಕೆ ಬಂತು. 2019ರ ಸೆಪ್ಟೆಂಬರಿನಲ್ಲಿ 57, ಇಜೆಕ್ಷನ್ ಫ್ರ್ಯಾಕ್ಷನ್ 42. ಪರದೆಯ ಮೇಲಿನ ಚೆಂಡಿಗೆ ಮತ್ತೆ ಒಂದು ಚೂಪು ತುದಿ ಕಾಣಿಸಿಕೊಂಡಿತ್ತು.

"ಸೇ ಪರೀಕ್ಷೆ ಪಾಸಾಯ್ತು," ಎಂದರು. ಅದರ ಬೆನ್ನಿಗೇ, "ಪಾಸಾದ ಮೇಲೂ ಟ್ಯೂಷನ್ ಎಂಥಕ್ಕೆ? ಮಾತ್ರೆ ನಿಲ್ಲಿಸಿದರೆ ಆಗುದಿಲ್ವಾ?"

ಈ ಪ್ರಶ್ನೆಗೆ ಉತ್ತರ ಹಿಂದಿನ ವರ್ಷವಷ್ಟೇ ಬಂದಿತ್ತು. ಲಂಡನ್ನಿನ ವೈದ್ಯರು ಹಿಗ್ಗಿದ ಹೃದಯ ಸಹಜಕ್ಕೆ ಮರಳಿದ 51 ಜನರನ್ನು ಆರಿಸಿ, ಅರ್ಧದಷ್ಟು ಜನರ ಔಷಧಿಯನ್ನು ಹಂತಹಂತವಾಗಿ ನಿಲ್ಲಿಸಿದರು. ಆರು ತಿಂಗಳಲ್ಲಿ ನಿಲ್ಲಿಸಿದವರಲ್ಲಿ ಶೇ. 44ರಷ್ಟು ಜನರ ಹೃದಯ ಮತ್ತೆ ಕೆಟ್ಟಿತು. ಮುಂದುವರಿಸಿದವರಲ್ಲಿ ಒಬ್ಬರದ್ದೂ ಇಲ್ಲ. ಅವರದ್ದು ಹೃದಯಾಘಾತದಿಂದ ಕೆಟ್ಟ ಹೃದಯಗಳಲ್ಲ, ಅಲ್ಲದೆ ದೊಡ್ಡಪ್ಪನದು ಪೂರ್ತಿ ಸಹಜಕ್ಕೂ ಬಂದಿರಲಿಲ್ಲ. ಹಾಗಾಗಿ ಅವರು ನಿಲ್ಲಿಸುವ ಮಾತೇ ಇರಲಿಲ್ಲ. ಆಕಾರ ಮರಳಿದ್ದು ಮಾತ್ರೆ ಹೊರೆ ಹೊತ್ತದ್ದರಿಂದ, ಮಾತ್ರೆ ಇಳಿದರೆ ಹೊರೆ ಪುನಃ ಹೃದಯದ ಮೇಲೇ ಎಂದು ವಿವರಿಸಿದೆ. ಮೇಷ್ಟರು ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಮರುವರ್ಷ ಲಾಕ್‌ಡೌನ್. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಗಡಿ ಮುಚ್ಚಿತು. ಕಾಸರಗೋಡಿನವರಿಗೆ ಆಸ್ಪತ್ರೆ ಎಂದರೆ ಮಂಗಳೂರು. ತಿರುವನಂತಪುರ ಐನೂರು ಕಿಲೋಮೀಟರಿಗೂ ಆಚೆ, ಕೊಚ್ಚಿಯೂ ಹತ್ತಿರವಲ್ಲ. ಮಂಗಳೂರು ತಲುಪಲಾಗದೆ ಹಲವರು ತೀರಿಕೊಂಡರು, ಪ್ರಕರಣ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ದೊಡ್ಡಪ್ಪನ ಎರಡು ಮಾತ್ರೆಗಳು ಊರಿನ ಅಂಗಡಿಯಲ್ಲಿ ಮುಗಿದಿದ್ದವು. ಆಗ ಕೇರಳದ ಅಗ್ನಿಶಾಮಕ ದಳದವರು ಜಿಲ್ಲೆಯಿಂದ ಜಿಲ್ಲೆಗೆ ಔಷಧಿ ದಾಟಿಸುವ ಕೆಲಸ ಕೈಗೆತ್ತಿಕೊಂಡಿದ್ದರು. ಎರ್ನಾಕುಳಂನಲ್ಲಿ ನಾನು ಕೊಟ್ಟ ಪೊಟ್ಟಣ ಕೆಂಪು ವಾಹನಗಳನ್ನು ಬದಲಿಸುತ್ತ ಬದಿಯಡ್ಕದ ಕಡೆ ತಲುಪಿತು. ಗ್ರಾಫಿನಲ್ಲಿ ಆ ವರ್ಷದ ಚುಕ್ಕೆ 56.

*

ಎಲ್ಲರ ಚುಕ್ಕೆಗಳೂ ಹೀಗೆ ಇಳಿಯುವುದಿಲ್ಲ. ಮಾತ್ರೆಗಳಿಗೆ ಬಗ್ಗದ ಹೃದಯಗಳಿಗೆ ಉಳಿಯುವುದು ಕಸಿ. ಕೇರಳದ ಮೊದಲ ಹೃದಯ ಕಸಿ 2003ರಲ್ಲಿ ಕೊಚ್ಚಿಯಲ್ಲಿ, ಡಾ. ಜೋಸ್ ಚಾಕೊ ಪೆರಿಯಪ್ಪುರಂ ಅವರಿಂದ ನಡೆಯಿತು. 2015ರ ಜುಲೈಯಲ್ಲಿ ತಿರುವನಂತಪುರದ ದಾನಿಯೊಬ್ಬರ ಹೃದಯವನ್ನು ನೌಕಾಪಡೆಯ ಡಾರ್ನಿಯರ್ ವಿಮಾನದಲ್ಲಿ ಕೊಚ್ಚಿಗೆ ತಂದು ಆಟೋ ಓಡಿಸುವ ಒಬ್ಬರಿಗೆ ಕಸಿ ಮಾಡಿದರು. ದೇಹದ ಹೊರಗೆ ಹೃದಯ ನಾಲ್ಕು ಗಂಟೆಯಷ್ಟು ಹೊತ್ತು ಮಾತ್ರ ತಡೆಯುತ್ತದೆ, ಎರಡು ಊರುಗಳ ನಡುವೆ ಸುಮಾರು ಇನ್ನೂರು ಕಿಲೋಮೀಟರ್ ದೂರವಿದೆ. ಆ ಸಂಜೆ ಇಡೀ ಕೊಚ್ಚಿ ರಸ್ತೆ ಬಿಟ್ಟು ನಿಂತಿತ್ತು. 2020ರ ಮೇಯಲ್ಲಿ ಇನ್ನೊಂದು ಹೃದಯ ಹೆಲಿಕಾಪ್ಟರಿನಲ್ಲಿ ಇದೇ ದಾರಿ ಹಿಡಿಯಿತು. ಇಂಥ ದಿನಗಳ ಸುದ್ದಿಯನ್ನು ಎಲ್ಲರೂ ನೋಡುತ್ತಾರೆ. ಕಸಿಯವರೆಗೆ ಹೋಗಬೇಕಾಗದಂತೆ ಸಾವಿರಾರು ಮನೆಗಳಲ್ಲಿ ನುಂಗುವ ಬೆಳಗಿನ ಮಾತ್ರೆಗಳು ಸುದ್ದಿಯಲ್ಲ.

ನನ್ನ ಕೆಲಸದ ಮಿತಿಯನ್ನೂ ಹೇಳಬೇಕು. ಸ್ನಾಯುವಿನ ತೂಕದ ಸೂತ್ರದಲ್ಲಿ ಅಳತೆಗಳನ್ನು ಘನ ಮಾಡುತ್ತೇವೆ, ಹಾಗಾಗಿ ಸಣ್ಣ ವ್ಯತ್ಯಾಸವೂ ಮೂರು ಪಟ್ಟು ಬೆಳೆಯುತ್ತದೆ. ಕೋಣೆ 50 ಮಿಲಿಮೀಟರ್, ಗೋಡೆ 10 ಇದ್ದ ಒಬ್ಬ ಗಂಡಸನ್ನು ಊಹಿಸಿ. ಅನುಪಾತ 0.40, ತೂಕ 182 ಗ್ರಾಂ, ದೇಹದ ಮೇಲ್ಮೈ 1.7 ಚದರ ಮೀಟರ್ ಇದ್ದರೆ 107. ಸಹಜ ಆಕಾರ. ನಾನು ಅದೇ ಗೋಡೆಗಳನ್ನು 11 ಎಂದು ಓದಿದರೆ ಅನುಪಾತ 0.44, ತೂಕ 207 ಗ್ರಾಂ, ಭಾಗಿಸಿದರೆ 122. ಒಂದೇ ಮಿಲಿಮೀಟರಿಗೆ ಅವನು ಒಂದು ಗುಂಪಿನಿಂದ ಹಾರಿ, ಬಿಪಿ ರೋಗಿಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದೆಂದ ಗುಂಪಿಗೆ ಬಿದ್ದ. ಒಂದು ಮಿಲಿಮೀಟರ್ ಎಂದರೆ ಪರದೆಯ ಮೇಲೆ ಬೆರಳು ಸ್ವಲ್ಪ ನಡುಗಿದಷ್ಟು. ಈಗ ಕಂಪ್ಯೂಟರುಗಳು ಮೂರು ಆಯಾಮದ ಚಿತ್ರದಿಂದ ಇಡೀ ಆಕಾರವನ್ನೇ ಓದಿ, ನಾಲ್ಕಕ್ಕಿಂತ ಹೆಚ್ಚು ಗುಂಪುಗಳನ್ನು ಹುಡುಕುತ್ತಿವೆ. ಬೆರಳು ನಡುಗುವ ತೊಂದರೆ ಅದರಿಂದ ಕಡಿಮೆಯಾದೀತು. ಆದರೆ ಗುಂಪು ಎಷ್ಟೇ ಸೂಕ್ಷ್ಮವಾಗಲಿ, ಅದು ಹೇಳುವುದು ಗುಂಪಿನ ಭವಿಷ್ಯವನ್ನು. ನೂರರಲ್ಲಿ 59 ಎಂಬುದರಲ್ಲಿ ಎದುರು ಮಲಗಿದವರು ಯಾವ ಕಡೆ ಎಂದು ಪರದೆ ಹೇಳುವುದಿಲ್ಲ.

ದೊಡ್ಡಪ್ಪ 2024ರ ಆಗಸ್ಟಿನ ಒಂದು ಬೆಳಿಗ್ಗೆ ಪತ್ರಿಕೆ ಓದುತ್ತ ಕುಳಿತಲ್ಲೇ ತೀರಿಕೊಂಡರು. ಹೃದಯ ವೈಫಲ್ಯದ ರೋಗಿಗಳಲ್ಲಿ ಅನೇಕರ ಸಾವು ಹೀಗೆ ಹಠಾತ್ತಾಗಿಯೇ ಬರುತ್ತದೆ, ಬಡಿತದ ಲಯ ತಪ್ಪಿ. ಮೊದಲ ಎಕೋದಿಂದ ಐದು ವರ್ಷ ಒಂಬತ್ತು ತಿಂಗಳು. ರಿಜಿಸ್ಟ್ರಿಯ ಐದು ವರ್ಷದ ಲೆಕ್ಕ ಹಿಡಿದರೆ ಅವರು ಬದುಕಿ ಉಳಿದವರ ಸಾಲಿನಲ್ಲಿ ಬರುತ್ತಾರೆ. ಆ ವರ್ಷಗಳಲ್ಲಿ ಅವರು ಮೊಮ್ಮಗಳಿಗೆ ಹತ್ತನೆಯ ತರಗತಿಯ ಜೀವಶಾಸ್ತ್ರ ಕಲಿಸಿದರು, ತೋಟಕ್ಕೆ ಹೊಸ ಅಡಕೆ ಸಸಿ ಇಡಿಸಿದರು, ಎರಡು ಮದುವೆಗಳಲ್ಲಿ ಊಟ ಬಡಿಸಿದರು. ಉತ್ತರಕ್ರಿಯೆ ಕಳೆದ ಮೇಲೆ ದೊಡ್ಡಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಟ್ಟ ಏಳು ಎಕೋ ರಿಪೋರ್ಟ್‌ಗಳನ್ನೂ ಗ್ರಾಫ್ ಪುಸ್ತಕವನ್ನೂ ನನಗೆ ಕೊಟ್ಟರು. 68, 63, 57, 56, 55, 57, 59. ಕೊನೆಯ ಎರಡು ಚುಕ್ಕೆಗಳ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಪ್ರಶ್ನಾರ್ಥಕ ಚಿಹ್ನೆ. ಅದರ ಬಗ್ಗೆ ಅವರು ನನ್ನನ್ನು ಕೇಳಿರಲಿಲ್ಲ.

ಈಗಲೂ ಹೃದಯದ ಸ್ಥಿತಿ ಕೇಳಿದವರಿಗೆ "ಡಾಕ್ಟರ್ ಹೇಳುತ್ತಾರೆ" ಎಂದೇ ಹೇಳುತ್ತೇನೆ, ಅದು ನನ್ನ ಕೆಲಸದ ನಿಯಮ. ಆದರೆ ಜೆಲ್ ಒರೆಸಲು ಬಟ್ಟೆ ಕೊಡುವಾಗ ಮೂರು ವಿಷಯ ಸೇರಿಸುತ್ತೇನೆ. ನಿಮಗೂ ಉಪಯೋಗವಾದೀತು. ಡಾಕ್ಟರನ್ನು ನೋಡುವಾಗ ಇಜೆಕ್ಷನ್ ಫ್ರ್ಯಾಕ್ಷನ್ ಒಂದನ್ನೇ ಕೇಳಬೇಡಿ, ಕೋಣೆಯ ಅಳತೆ ಹಿಂದಿನ ಸಲಕ್ಕಿಂತ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಕೇಳಿ. ಕೊಡಬೇಕಾದ ಮಾತ್ರೆಗಳೆಲ್ಲ ಚೀಟಿಯಲ್ಲಿವೆಯೇ, ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ಚೆನ್ನಾಗಿದ್ದೇನೆ ಅನ್ನಿಸಿದಾಗ ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ಮುಂದಿನ ಸಲ ಬರುವಾಗ ಹಳೆಯ ರಿಪೋರ್ಟ್‌ಗಳನ್ನೆಲ್ಲ ತನ್ನಿ, ಎಷ್ಟೇ ಹಳೆಯದಾದರೂ ಸರಿ.